ಸಾಲೋಟಗಿಯ ಶಾಲೆಯೂ ನಾಲಗೆಯ ಪಾಠವೂ

ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನವು, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕ್ರಿ.ಶ. 945ರಲ್ಲಿ ಅಲ್ಲಿ ನೆಲೆಗೊಳಿಸಿದ ವಿದ್ಯಾಶಾಲೆಯನ್ನೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಮೀಸಲಾದ 27 ಮನೆಗಳನ್ನೂ, ದೀಪಗಳಿಗೆಂದು ಬಿಟ್ಟ 12 ನಿವರ್ತನ ಭೂಮಿಯನ್ನೂ ಕುರಿತು ಹೇಳುತ್ತದೆ. ಅಂದು ಊರಿನ ಹೆಸರು ಪಾವಿಟ್ಟಗೆ. ಶಾಲೆಯ ಕೀರ್ತಿಯಿಂದ ‘ಶಾಲಾ ಪಾವಿಟ್ಟಗೆ’ ಎನಿಸಿಕೊಂಡು, ಅದೇ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರ ಅಭಿಪ್ರಾಯ.

ಪಾಲ್ ಎಂಬುದು ಹಾಲಾದಂತೆ, ಪುಲಿಯು ಹುಲಿಯಾದಂತೆ, ಈ ಹೆಸರಿನ ಪಕಾರವೂ ಹಕಾರವಾಗಿ ಕರಗಿರಬೇಕು. ಈ ಸೀಮೆಯಲ್ಲಿ ಮನೆ ಮನಿಯಾದಂತೆ ಕಡೆಯ ‘ಗೆ’ಯೂ ‘ಗಿ’ಯಾಯಿತು. ಯಾವ ಉಪಾಧ್ಯಾಯನೂ ಬೋಧಿಸದ ಈ ಪಾಠವನ್ನು ಜನರ ನಾಲಗೆಯು ತಾನೇ ಕಲಿತು, ತಲೆಮಾರಿಗೆ ತಲೆಮಾರು ಒಪ್ಪಿಸುತ್ತ ಬಂದಿತು.

ನಾಲಗೆಗೆ ತಿಳಿದಿರುವ ನಿಯಮವು ಅದು ತಪ್ಪಿದಾಗಲೇ ಸ್ಫುಟವಾಗಿ ಕಾಣುವುದು. ಸಂತೆಯಲ್ಲಿ ಅವಸರದಿಂದ ‘ಕಾಳು ಬ್ಯಾಳಿ’ ಎನ್ನಹೊರಟವನು ‘ಬಾಳು ಕ್ಯಾಳಿ’ ಎಂದಾನು. ಆದರೆ ‘ಳಾಕು’ ಎನ್ನಲಾರನು. ಳಕಾರದಿಂದ ಕನ್ನಡದ ಮಾತು ಮೊದಲಾಗದೆಂಬುದನ್ನು, ವ್ಯಾಕರಣವನ್ನೇ ಓದದವನ ನಾಲಗೆಯೂ ಎಡವುವಾಗಲೂ ಮರೆಯದು.

ಇಂಥ ನಿಯಮಗಳು ಬಾಲ್ಯದಲ್ಲಿಯೇ ಮುದ್ರೆಯೊತ್ತಿ ಮುಗಿಯುವುವೆಂಬ ನಂಬಿಕೆಯನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಗ್ಯಾರಿ ಡೆಲ್ ಮತ್ತು ಅವರ ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವು ಸಡಿಲಿಸಿತು. ಅರ್ಥವಿಲ್ಲದ ಅಕ್ಷರಸರಣಿಗಳನ್ನು ವಯಸ್ಕರಿಂದ ವೇಗವಾಗಿ ಹೇಳಿಸಿದರು. ಅವುಗಳಲ್ಲಿ ಒಂದು ವ್ಯಂಜನವು ಯಾವಾಗಲೂ ಮೊದಲಿಗೇ, ಇನ್ನೊಂದು ಕಡೆಗೇ ಬರುವಂತೆ ಹವಣಿಸಿದ್ದರು. ಈ ಕಟ್ಟಳೆಯನ್ನು ಯಾರಿಗೂ ತಿಳಿಸದಿದ್ದರೂ, ತಪ್ಪಿ ಬಂದ ಧ್ವನಿಗಳು ಬಹುಮಟ್ಟಿಗೆ ಆ ಕಟ್ಟಳೆಯನ್ನೇ ಪಾಲಿಸಿದುವು. ವ್ಯಂಜನದ ಸ್ಥಾನವು ನಡುವಣ ಸ್ವರವನ್ನು ಅವಲಂಬಿಸುವಂಥ ಜಟಿಲ ನಿಯಮವಾದರೋ ಮುಂದಿನ ಪ್ರಯೋಗಗಳಲ್ಲಿ ಮೊದಲ ದಿನ ಒಲಿಯದೆ ಎರಡನೆಯ ದಿನ ಒಲಿಯಿತು. ನಡುವಣ ನಿದ್ರೆಯೇ ಅದಕ್ಕೆ ನೆರವಾಯಿತೆಂದು ಆಮೇಲಿನ ಪ್ರಯೋಗಗಳು ಸೂಚಿಸಿದುವು.

ಮೈಸೂರು ಸೀಮೆಯಿಂದ ಇಂಡಿಗೆ ವರ್ಗವಾಗಿ ಬಂದವರು ವರ್ಷ ಕಳೆಯುವಷ್ಟರಲ್ಲಿ ತಮಗರಿವಿಲ್ಲದೆಯೇ ‘ಮನಿ’ ಎನ್ನತೊಡಗುವುದುಂಟು. ಊರಿಗೆ ಹೋದಾಗ ತಾಯಿ ಹೇಳಿದ ಮೇಲೆಯೇ ಅವರಿಗೆ ಅದರ ಅರಿವಾಗುವುದು. ಇದನ್ನು ಭಾಷೆ ಕೆಟ್ಟಿತೆಂದು ಹಳಿಯಲಾಗದು. ನೆರೆಹೊರೆಯೊಡನೆ ಬಾಳಲೊಪ್ಪಿದ ನಾಲಗೆಯ ಸೌಜನ್ಯವದು. ಪಾವಿಟ್ಟಗೆಯ ಆ ಇಪ್ಪತ್ತೇಳು ಮನೆಗಳಲ್ಲಿ ನಾನಾ ದೇಶಗಳ ತರುಣರು ಒಬ್ಬರ ಮಾತನ್ನೊಬ್ಬರು ಕೇಳುತ್ತ ಮಲಗಿದ ಇರುಳುಗಳಲ್ಲಿ, ದೀಪ ನಂದಿ ಹೊತ್ತಗೆ ಮುಚ್ಚಿದ ಮೇಲೆಯೂ, ಈ ಒಂದು ಪಾಠ ಮಾತ್ರ ನಡೆದೇ ಇದ್ದಿರಬೇಕು.