ಮೂಗಿಗೆ ತಿಳಿಯದ ವಿಷವನ್ನು ಬೆಳಕು ಹಿಡಿದೀತು

ಬೆಳಗ್ಗೆ ಅಡುಗೆ ಮನೆಗೆ ಕಾಲಿಡುತ್ತಲೇ ಗ್ಯಾಸಿನ ವಾಸನೆ ಬಡಿದರೆ ನೀವೇನು ಮಾಡುತ್ತೀರಿ? ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯುತ್ತೀರಿ. ಆದರೆ ಆ ದುರ್ವಾಸನೆ ಗ್ಯಾಸಿನದ್ದಲ್ಲ ಎಂಬುದು ನಿಮಗೆ ಗೊತ್ತೇ? ಅಡುಗೆ ಅನಿಲಕ್ಕೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಸೋರಿದರೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಅದಕ್ಕೆ ಬೆರೆಸುತ್ತಾರೆ.

ಎಲ್ಲ ವಿಷಗಳಿಗೂ ಹೀಗೆ ವಾಸನೆ ಬೆರೆಸಲು ಸಾಧ್ಯವಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿಯುವಾಗ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಬಳಿಸಿ ಅದು ಮಲಗಿದವರನ್ನು ಮಲಗಿದಲ್ಲೇ ಕೊಲ್ಲಬಲ್ಲದು. ಅನಿಲ ಬಾವಿಗಳಿಂದ ಸೋರುವ ಮಿಥೇನ್‌ಗೂ ವಾಸನೆಯಿಲ್ಲ. 20 ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚಾಗಿ ಭೂಮಿಯನ್ನು ಬಿಸಿಯಾಗಿಸುತ್ತದೆ. ಮೂಗು ಸೋಲುವ ಇಂತಹ ಕಡೆ ಬೆಳಕು ನೆರವಿಗೆ ಬರುತ್ತದೆ.

ಹೇಗೆ ಎನ್ನುತ್ತೀರಾ? ಪ್ರತಿಯೊಂದು ಅನಿಲವೂ ಬೆಳಕಿನ ಕೆಲವು ಬಣ್ಣಗಳನ್ನು ಮಾತ್ರ ಹೀರಿಕೊಳ್ಳುತ್ತದೆ. ನೀರಾವಿ ಹೀರುವ ಬಣ್ಣಗಳು ಬೇರೆ, ಮಿಥೇನ್ ಹೀರುವವು ಬೇರೆ. ಮನುಷ್ಯನಿಗೆ ಹೆಬ್ಬೆರಳಿನ ಗುರುತು ಇದ್ದಂತೆ ಇದು ಆ ಅನಿಲದ ಗುರುತು. ಗಾಳಿಯ ಮೂಲಕ ಬೆಳಕನ್ನು ಹಾಯಿಸಿ, ಯಾವ ಬಣ್ಣ ಕಡಿಮೆಯಾಗಿದೆ ಎಂದು ನೋಡಿದರೆ ಅಲ್ಲಿರುವ ಅನಿಲ ಯಾವುದೆಂದು ತಿಳಿಯುತ್ತದೆ. ಎಷ್ಟು ಕಡಿಮೆಯಾಗಿದೆ ಎಂಬುದರಿಂದ ಅನಿಲದ ಪ್ರಮಾಣವೂ ಸಿಗುತ್ತದೆ.

ಸಾಮಾನ್ಯ ಲೇಸರ್ ಒಂದೇ ಬಣ್ಣದ್ದು. ಆದರೆ ಬೆಳಕಿನ ಮಿಂಚು ಚುಟುಕಾದಷ್ಟೂ ಅದರೊಳಗೆ ಹೆಚ್ಚು ಬಣ್ಣಗಳಿರುತ್ತವೆ. ಇದು ಸೃಷ್ಟಿಯಲ್ಲೇ ಅಡಗಿರುವ ನಿಯಮ. ಆದ್ದರಿಂದಲೇ ವಿಜ್ಞಾನಿಗಳು ಫೆಮ್ಟೊಸೆಕೆಂಡ್ ಲೇಸರ್‌ಗಳ ಮೊರೆ ಹೋದರು. ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರ ಒಂದು ಭಾಗವನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದರೆ ಸಿಗುವುದೇ ಒಂದು ಫೆಮ್ಟೊಸೆಕೆಂಡ್. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ಅಷ್ಟು ಹೊತ್ತಿನಲ್ಲಿ ನಮ್ಮ ತಲೆಕೂದಲಿನ ದಪ್ಪವನ್ನೂ ದಾಟದು!

ಈ ಮಿಂಚುಗಳಿಂದ ರಸಾಯನಶಾಸ್ತ್ರಕ್ಕೆ ಹೊಸ ಕಣ್ಣು ಕೊಟ್ಟವರು ಅಹ್ಮದ್ ಝುವೈಲ್. 1946ರಲ್ಲಿ ಈಜಿಪ್ಟಿನ ದಮನ್‌ಹೂರ್‌ನಲ್ಲಿ ಜನಿಸಿದ ಅವರು ಮೂವರು ಸಹೋದರಿಯರಿಗೆ ಏಕೈಕ ಸಹೋದರ. ಅಲೆಕ್ಸಾಂಡ್ರಿಯಾದಲ್ಲಿ ಕಲಿತು ಅಮೆರಿಕಕ್ಕೆ ಹೋದರು. ಪರಮಾಣುಗಳ ನಡುವಿನ ಬಂಧ ಮುರಿಯುವ ಕ್ಷಣವನ್ನು ಕ್ಯಾಲ್ಟೆಕ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಹಿಡಿದು ತೋರಿಸಿದರು. ಅದಕ್ಕಾಗಿ 1999ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. ವಿಜ್ಞಾನದಲ್ಲಿ ಈ ಗೌರವ ಪಡೆದ ಮೊದಲ ಈಜಿಪ್ಟಿಯನ್ ಅವರೇ. 2016ರಲ್ಲಿ ನಿಧನರಾದರು.

ಪ್ರಯೋಗಾಲಯದೊಳಗಿನ ಇಂತಹ ಮಿಂಚು ಬಯಲಿಗೆ ಬರಬೇಕಾದರೆ ಅದಕ್ಕೆ ಬಲ ಬೇಕಿತ್ತು. ಬಲ ಹೆಚ್ಚಿಸಿದರೆ ಲೇಸರ್ ಉಪಕರಣವೇ ಹಾಳಾಗುತ್ತಿತ್ತು. ಮಿಂಚನ್ನು ಮೊದಲು ಹಿಗ್ಗಿಸಿ, ಬಲ ತುಂಬಿ, ಮತ್ತೆ ಕುಗ್ಗಿಸುವ ಉಪಾಯವನ್ನು 1985ರಲ್ಲಿ ವಿದ್ಯಾರ್ಥಿನಿ ಡೊನಾ ಸ್ಟ್ರಿಕ್‌ಲೆಂಡ್ ತನ್ನ ಗುರು ಜೆರಾರ್ ಮೂರೂ ಜೊತೆ ಕಂಡುಹಿಡಿದರು. 2018ರಲ್ಲಿ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಸಂದಿತು. ಈ ಉಪಾಯದಿಂದಲೇ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ‘ಟೆರಾಮೊಬೈಲ್’ ಎಂಬ ಲೇಸರನ್ನು ಒಂದು ಕಂಟೇನರಿನೊಳಗೆ ಕೂರಿಸಿ ಆಕಾಶಕ್ಕೆ ಹಾಯಿಸಿದರು. ಅದು ಗಾಳಿಯಲ್ಲೇ ಬಿಳಿ ಬೆಳಕಾಗಿ ಹರಡಿತು. 10 ಕಿಲೋಮೀಟರಿಗೂ ಎತ್ತರದಿಂದ ಮರಳಿ ಬಂದ ಬೆಳಕನ್ನು ಅವರು ದೂರದರ್ಶಕದಿಂದ ಹಿಡಿದರು.

ಇನ್ನೊಂದು ವಿಧಾನದ ಹೆಸರು ಬೆಳಕಿನ ಬಾಚಣಿಗೆ. ಸಾಲುಸಾಲು ಮಿಂಚುಗಳಿಂದ ಸಾವಿರಾರು ಬಣ್ಣಗಳು ಬಾಚಣಿಗೆಯ ಹಲ್ಲುಗಳಂತೆ ಸಮ ಅಂತರದಲ್ಲಿ ನಿಲ್ಲುತ್ತವೆ. ಇದನ್ನು ರೂಪಿಸಿದ ಜಾನ್ ಹಾಲ್ ಮತ್ತು ಥಿಯೊಡೊರ್ ಹೆನ್ಶ್ 2005ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು. ಅಮೆರಿಕದ ಕೊಲೊರಾಡೊದಲ್ಲಿ ಸಂಶೋಧಕರು ಒಂದು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿ ಕನ್ನಡಿಗಳನ್ನಿಟ್ಟು, ಇಂತಹ ಬೆಳಕನ್ನು ಹಾಯಿಸಿ ಮರಳಿ ಪಡೆದು, ಮಿಥೇನ್ ಸೋರುವ ಜಾಗವನ್ನು ಪತ್ತೆಹಚ್ಚಿದ್ದಾರೆ. ಈ ಅಧ್ಯಯನ 2018ರಲ್ಲಿ ಪ್ರಕಟವಾಯಿತು.

ಆದರೆ ಸಹೋದರಿಯರೇ, ಬೆಳಕು ವಿಷವನ್ನು ತೋರಿಸುತ್ತದೆಯೇ ಹೊರತು ತೊಳೆಯುವುದಿಲ್ಲ. ಆ ಕೆಲಸ ನಮ್ಮದೇ. ಈ ಭೂಮಿ, ಈ ಗಾಳಿ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ಪುಣ್ಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಿರುವಾಗ ಉಸಿರಿನ ದಾರಿಯಲ್ಲಿರುವ ಕಾಣದ ಮುಳ್ಳನ್ನು ಕಡೆಗಣಿಸಬಹುದೇ? ಲೋಬಾನ ಹಾಕಿದ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಗಾಳಿಯಾಡದ ಬಚ್ಚಲು ಮನೆಯಲ್ಲಿ ಗ್ಯಾಸ್ ಗೀಸರ್ ಬೇಡ.

ಕೊನೆಗೊಂದು ಮಾತು. ಝುವೈಲ್ ಇನ್ನೂ ಹುಡುಗನಾಗಿದ್ದಾಗಲೇ ಮನೆಯವರು ಅವರ ಓದುವ ಕೋಣೆಯ ಬಾಗಿಲಿಗೆ ‘ಡಾ. ಅಹ್ಮದ್’ ಎಂಬ ಫಲಕ ಹಾಕಿದ್ದರಂತೆ. ನಿಮ್ಮ ಮಗಳು “ಉಮ್ಮಾ, ಆಕಾಶ ಯಾಕೆ ನೀಲಿ?” ಎಂದು ಕೇಳಿದರೆ ಗದರಿಸಿ ಕಳಿಸಬೇಡಿ. ಅವಳ ಬಾಗಿಲಿಗೂ ಅಂತಹದ್ದೊಂದು ಫಲಕ ಹಾಕಿ.