ಎರಡು ಲೀಟರ್ ಎಂಜಿನ್, ಎರಡು ಕಾಲ

1964ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಹೊರಬಂದ ಪೋರ್ಷೆ 911 ಸ್ಪೋರ್ಟ್ಸ್ ಕಾರಿನ ಎಂಜಿನ್ 1991 ಸಿಸಿಯದು. ಇಂದು ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನದು 1987 ಸಿಸಿ. ವ್ಯತ್ಯಾಸ ಬರೀ 4 ಸಿಸಿ. ಪಿಕಪ್‌ನಲ್ಲೂ ಎರಡೂ ಅಕ್ಕಪಕ್ಕ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಅಂದಿನ 911ಗೆ ಸುಮಾರು 9 ಸೆಕೆಂಡು ಬೇಕಿತ್ತು. ಹೈಕ್ರಾಸ್‌ಗೆ, ಕಂಪನಿ ಹೇಳುವಂತೆ, 9.5 ಸೆಕೆಂಡು ಸಾಕು. ಅಜ್ಜಿ, ಮೊಮ್ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಿಬರಲೆಂದು ಕೊಳ್ಳುವ ಕಾರು ಆ ಕಾಲದ ಸ್ಪೋರ್ಟ್ಸ್ ಕಾರಿನ ಬೆನ್ನ ಹಿಂದೆಯೇ ಇದೆ!

ಇದು ಹೇಗೆ ಸಾಧ್ಯವಾಯಿತು?

911ರ ಗುಟ್ಟು ಅದರ ಹಗುರ ಮೈಯಲ್ಲಿತ್ತು. ತೂಕ ಸುಮಾರು 1080 ಕೆ.ಜಿ., ಶಕ್ತಿ 130 ಎಚ್‌ಪಿ. ಹೈಕ್ರಾಸ್ ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಆ ಭಾರ ಎಳೆಯಲು ಪೆಟ್ರೋಲ್ ಎಂಜಿನ್ನಿನ ಜೊತೆಗೊಂದು ವಿದ್ಯುತ್ ಮೋಟರ್ ಇದೆ. ಎರಡೂ ಸೇರಿದರೆ 186 ಎಚ್‌ಪಿ. ಪೆಟ್ರೋಲ್ ಎಂಜಿನ್‌ಗೆ ಪೂರ್ತಿ ಬಲ ಬರಲು ಅದರ ವೇಗ ಏರಬೇಕು. ಮೋಟರ್ ಹಾಗಲ್ಲ, ಸಿಗ್ನಲ್ ಹಸಿರಾದ ಕ್ಷಣದಿಂದಲೇ ಜೋರಾಗಿ ಎಳೆಯುತ್ತದೆ. ಹೀಗಾಗಿ ಎಂಜಿನ್ನನ್ನು ಪೆಟ್ರೋಲ್ ಉಳಿಸುವಂತೆ ರೂಪಿಸಲು ಟೊಯೊಟಾಗೆ ಅನುಕೂಲವಾಯಿತು. ಪ್ರಮಾಣೀಕೃತ ಮೈಲೇಜ್ ಲೀಟರ್‌ಗೆ 23 ಕಿ.ಮೀ. ದಾಟುತ್ತದೆ.

ಆದರೆ ಸೆಕೆಂಡುಗಳ ಲೆಕ್ಕ ನೇರ ರಸ್ತೆಯದು. ತಿರುವು ಬಂದಾಗ ಎರಡರ ಸ್ವಭಾವ ಬೇರೆಯಾಗುತ್ತದೆ. 911ರಲ್ಲಿ ಆರು ಸಿಲಿಂಡರ್‌ಗಳ, ಗಾಳಿಯಿಂದಲೇ ತಂಪಾಗುವ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಕೂತಿರುತ್ತದೆ. ವೇಗವಾಗಿ ತಿರುವಿಗೆ ನುಗ್ಗಿ, ಹೆದರಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದರೆ ಹಿಂಭಾಗವೇ ಆಚೆಗೆ ಎಸೆದಂತೆ ಹೊರಳುತ್ತದೆ. ಇದನ್ನು ಪಳಗಿಸಲು ಪೋರ್ಷೆ ಕೆಲಕಾಲ ಮುಂದಿನ ಬಂಪರ್‌ನ ಎರಡೂ ತುದಿಗಳೊಳಗೆ ತಲಾ 11 ಕೆ.ಜಿ.ಯ ಎರಕದ ಕಬ್ಬಿಣ ಕೂರಿಸಿತ್ತು. ಹಗುರವಾಗಿರಲೆಂದೇ ಕಟ್ಟಿದ ಕಾರಿಗೆ ಬೇಕೆಂದೇ ಹೇರಿದ ಭಾರವದು. 1968ರಲ್ಲಿ ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದ ಮೇಲೆ ಕಾರು ಬಹಳಷ್ಟು ಹದಕ್ಕೆ ಬಂತು.

ಆ 911ರಲ್ಲಿ ಪವರ್ ಸ್ಟೀರಿಂಗ್ ಇಲ್ಲ, ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ರಸ್ತೆಯ ಪ್ರತಿ ಉಬ್ಬುತಗ್ಗೂ ಸ್ಟೀರಿಂಗ್ ಮೂಲಕ ಅಂಗೈಗೆ ಬರುತ್ತದೆ. ಯಾವಾಗ ಗೇರ್ ಇಳಿಸಬೇಕು, ಎಷ್ಟು ಬ್ರೇಕ್ ಒತ್ತಬೇಕು ಎಂಬುದೆಲ್ಲ ಚಾಲಕನ ಜವಾಬ್ದಾರಿ. ಹೈಕ್ರಾಸ್‌ನಲ್ಲಿ ಕ್ಲಚ್ಚೇ ಇಲ್ಲ. ಎಂಜಿನ್ ಯಾವಾಗ ನಿಂತಿತು, ಯಾವಾಗ ಮತ್ತೆ ಶುರುವಾಯಿತು ಎಂಬುದು ಒಳಗಿದ್ದವರಿಗೆ ಗೊತ್ತಾಗುವುದೂ ಕಷ್ಟ. ಮೇಲ್ದರ್ಜೆಯ ಮಾದರಿಯಲ್ಲಿ ಎದುರಿನ ಅಪಾಯವನ್ನು ರಡಾರ್, ಕ್ಯಾಮೆರಾ ಗುರುತಿಸಿ ತಾವೇ ಬ್ರೇಕ್ ಹಾಕುತ್ತವೆ. ಮನೆಮಂದಿಯನ್ನೆಲ್ಲ ಕರೆದೊಯ್ಯುವವರಿಗೆ ಯಾವುದು ಸೂಕ್ತ ಎಂಬುದರಲ್ಲಿ ಅನುಮಾನವೇ ಬೇಡ. ಓಡಿಸುವುದನ್ನೇ ಒಂದು ವಿದ್ಯೆಯಾಗಿ ಕಲಿಯಬೇಕೆನ್ನುವವರಿಗೆ ಹಳೆಯ 911ರಂಥ ಗುರು ಮಾತ್ರ ಅಪರೂಪ.

ಹೈಬ್ರಿಡ್ ಈಗ ಕುಟುಂಬದ ಕಾರುಗಳಿಗಷ್ಟೇ ಸೀಮಿತವಾಗಿಲ್ಲ. ಪೋರ್ಷೆ 2024ರಲ್ಲಿ 911 ಕರೇರಾ ಜಿಟಿಎಸ್‌ನ ಗೇರ್‌ಬಾಕ್ಸಿನೊಳಗೇ ವಿದ್ಯುತ್ ಮೋಟರ್ ಇಟ್ಟಿತು. ಆ ಕಾರು 100 ಕಿ.ಮೀ. ವೇಗ ಮುಟ್ಟಲು ತೆಗೆದುಕೊಳ್ಳುವುದು ಕೇವಲ 3 ಸೆಕೆಂಡು.