ಕೆರೆಯ ಗೋಡಿನಲ್ಲಿ ಜೇಡಿ ಎಷ್ಟಿದೆ?

ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಮಸಾರಿ ಹೊಲಗಳಲ್ಲಿ ಮಳೆನೀರು ಬೇಗ ಬಸಿದುಹೋಗುತ್ತದೆ. ನೀರನ್ನೂ ಗೊಬ್ಬರದ ಸಾರವನ್ನೂ ಹಿಡಿದಿಡುವುದು 0.002 ಮಿಲಿಮೀಟರಿಗಿಂತ ಸಣ್ಣದಾದ ಜೇಡಿಕಣ. ಎರೆಮಣ್ಣಿನ ಜೇಡಿಕಣವು ಸುಮಾರು ಒಂದು ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ದಪ್ಪದ ಪದರಗಳ ಕಂತೆ. ಈ ಪದರಗಳ ನಡುವೆ ನೀರು ಸೇರಿಯೇ ಎರೆ ಉಬ್ಬುತ್ತದೆ.

ಮಸಾರಿಗೆ ಕೆರೆಯ ಗೋಡು ಹೇರುವ ಮೊದಲು ಹೀಗೆ ಪರೀಕ್ಷಿಸಿರಿ. ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಗೋಡನ್ನು ಮಳೆನೀರಿನಲ್ಲಿ ನೆನೆಸಿ, ಚೆನ್ನಾಗಿ ಕುಲುಕಿ, ಅಲುಗಿಸದೆ ಇಡಿರಿ. ಮರಳು ಬೇಗನೆ ತಳ ಸೇರುತ್ತದೆ. ಎಂಟು ತಾಸಿನ ನಂತರ ಮೇಲಿನ ನಾಲ್ಕು ಬೆರಳಿನಷ್ಟು ನೀರನ್ನು ಬಸಿದು ಒಣಗಿಸಿದರೆ ಉಳಿಯುವುದೇ ಜೇಡಿ. ತಳದಲ್ಲಿ ಮರಳೇ ಹೆಚ್ಚಿದ್ದರೆ ಹೇರಿದ ಬಾಡಿಗೆ ದಂಡ.

ಗಂಗಾವತಿಯ ಕಾಲುವೆ ಭಾಗದಲ್ಲಿ ಸವುಳು ಮಣ್ಣಿದೆ. ಅಲ್ಲಿನವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಗೋಡು ಹೇರಿರಿ.